ಗುರುವಾರ ಹೋಗುವ ಹುಡುಗ

ನಮ್ಮ ಕೆಟಲ್ ಕ್ರೀಕ್ ಊರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂಡಿತರು ಮನೆಗೊಬ್ಬರಿದ್ದಾರೆ. ಆದರೆ ಡ್ರಾಫ್ಟ್ ಪಂಡಿತ ಅಂತ ಇರುವವನು ನಾನೊಬ್ಬನೇ, ಲೂಶಸ್ ಟಾರ್ಪ್ಲಿ. ಈ ಬಿರುದನ್ನು ನನಗೆ ಯಾರೂ ಕೊಟ್ಟದ್ದಲ್ಲ. ಕೊಡುತ್ತಾರೇನೋ ಅಂತ ಬಹಳ ವರ್ಷ ಕಾದು, ಕೊನೆಗೆ ನಾನೇ ತೆಗೆದುಕೊಂಡೆ.

ಕಾಲೇಜಿನ ಆಟ ಮುಗಿಸಿದ ಹುಡುಗರನ್ನು ದೊಡ್ಡ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಗದ್ದಲವೇ ಡ್ರಾಫ್ಟು. ಗುರುವಾರ ಮೊದಲ ಸುತ್ತು, ಶುಕ್ರವಾರ ಎರಡು ಮತ್ತು ಮೂರು, ಶನಿವಾರ ಅಳಿದುಳಿದವರು. ಯಾವ ಹುಡುಗ ಯಾವ ತಂಡಕ್ಕೆ ಹೋಗುತ್ತಾನೆ ಎಂದು ಮುಂಚಿತವಾಗಿ ಹೇಳುವುದು ನನ್ನ ವಿದ್ಯೆ. ಅದರಲ್ಲೂ ಎದುರಾಳಿ ಚೆಂಡು ಹಿಡಿಯಲು ಓಡಿದರೆ ಅವನ ಬೆನ್ನು ಹತ್ತುವ ಕಾರ್ನರ್‌ಬ್ಯಾಕುಗಳು, ಅವರಿಗೂ ಹಿಂದೆ ನಿಂತು ಕಾಯುವ ಸೇಫ್ಟಿಗಳು, ಇವರು ನನ್ನ ವಿಶೇಷ ಶಾಖೆ. ಇದುವರೆಗೆ ನಾನು ನುಡಿದ ಭವಿಷ್ಯಗಳಲ್ಲಿ ನಿಜವಾದದ್ದು ಒಂದೇ ಒಂದು. ಅದೂ ನಾನು ಹುಡುಗನ ಹೆಸರು ತಪ್ಪಾಗಿ ಹೇಳಿದ್ದರಿಂದ.

ನಮ್ಮ ಶಾಸ್ತ್ರದಲ್ಲಿ ಹುಡುಗ ಆಯ್ಕೆಯಾಗುತ್ತಾನೆ ಅನ್ನುವುದಿಲ್ಲ, ‘ಹೋಗುತ್ತಾನೆ’ ಅನ್ನುತ್ತೇವೆ. ಇವನು ಮೊದಲ ಸುತ್ತಿನಲ್ಲೇ ಹೋದ, ಅವನು ಶುಕ್ರವಾರ ಹೋದ, ಹೀಗೆ. ಬೇರೆಯವರ ಬಾಯಲ್ಲಾದರೆ ಈ ಮಾತಿನಲ್ಲಿ ಯಾವ ದೋಷವೂ ಇಲ್ಲ. ಆದರೆ ನನ್ನ ಹೊಟ್ಟೆಪಾಡು ನಡೆಯುವುದು ಗ್ಯಾಡಿಸ್ ಫ್ಯೂನರಲ್ ಹೋಮಿನಲ್ಲಿ. ಹೆಣದ ಗಾಡಿ ಓಡಿಸುವುದು, ಹೋದವರ ತಲೆ ಬಾಚುವುದು, ಫೋನು ಎತ್ತುವುದು ನನ್ನ ಕೆಲಸ.

ಈ ಸಲದ ಡ್ರಾಫ್ಟಿನಲ್ಲಿ ನಮ್ಮೂರಿನದೇ ಒಂದು ಹೆಸರಿತ್ತು. ನಮ್ಮ ಪಕ್ಕದ ಮನೆಯ ಅರ್ಲೀನ್ ಮೇಬ್ರಿಯ ಮಗ ಕೆಂಡ್ರೆಲ್, ಕಾರ್ನರ್‌ಬ್ಯಾಕ್. ನೆಟ್ಟಗೆ ನಡೆಯುವ ಮೊದಲೇ ಹಿಮ್ಮುಖವಾಗಿ ಓಡಲು ಕಲಿತ ಮಗು ಅದು. ಅರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ದುಡಿದು ಒಬ್ಬಳೇ ಸಾಕಿದಳು. ಅವಳದು ಒಂದೇ ಆಸೆ. "ಗುರುವಾರ, ಮೊದಲನೇ ಸುತ್ತಲ್ಲಿ, ನನ್ನ ಮಗನ ಹೆಸರನ್ನ ಟೀವೀಲಿ ಕೂಗ್ಬೇಕು, ನಾನು ಕೇಳ್ಬೇಕು. ಅಷ್ಟೇ ಲೂಶಸ್, ಇನ್ನೇನೂ ಬೇಡ" ಅಂತ ಬೇಲಿಯ ಆಚೆಯಿಂದ ವರ್ಷವಿಡೀ ಹೇಳುತ್ತಿದ್ದಳು. ನಾನು ಈಚೆಯಿಂದ ಅಭಯ ನೀಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಕ್ಷೌರದಂಗಡಿಯ ರಾಸ್ಕೋ ನಮ್ಮ ಆಫೀಸಿಗೆ ಫೋನು ಮಾಡಿದ. ಅಂಗಡಿಯಲ್ಲಿ ವಾದ ಹತ್ತಿಕೊಂಡಿದೆ, ಪಂಡಿತರ ಅಭಿಪ್ರಾಯ ಬೇಕು ಅಂದ. ಅಭಿಪ್ರಾಯ ಕೇಳಿದವರಿಗೆ ಇಲ್ಲವೆಂದ ವಂಶವಲ್ಲ ನಮ್ಮದು. ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಗಂಟಲೆತ್ತಿ ಶುರು ಮಾಡಿದೆ.

"ಕೆಂಡ್ರೆಲ್ಲಾ? ಗುರುವಾರ ಹೋಗ್ತಾನೆ ಕಣಯ್ಯ. ಏನು, ಶುಕ್ರವಾರವಾ? ಛೆ ಛೆ, ಅಲ್ಲೀವರೆಗೆ ಎಲ್ಲಿ ತಡೀತಾನೆ? ಒಹಾಯೋ ಕಡೆಯ ಆ ಬ್ರ್ಯಾನಿಗನ್ ಮೊದಲು ಹೋಗ್ತಾನೆ, ಅವನ ಹಿಂದೇನೇ ನಮ್ಮೋನು. ಟೆಕ್ಸಸ್ ಹುಡುಗ ಸ್ವಲ್ಪ ಹೊತ್ತು ಎಳೀಬಹುದು, ಆದ್ರೂ ಅವತ್ತೇ ಅವನೂ ಹೋಗ್ತಾನೆ. ಒಂದೇ ದಿನ ನಾಲ್ಕೈದು ಜನ ಹೋಗ್ತಾರೆ, ನೋಡ್ತಿರು. ಎಂಥ ವರ್ಷ ಮಾರಾಯ! ನನಗಂತೂ ಖುಷಿಯೋ ಖುಷಿ!"

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಸಿಸ್ಟರ್ ಒಡೆಸ್ಸಾ ಪ್ರೂಯಿಟ್. ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರ್, ಗಂಡಸರೆಲ್ಲ ಬ್ರದರ್. ಹೋದ ವಾರ ತೀರಿಕೊಂಡ ಅವರ ಅತ್ತೆಯ ಹೂದಾನಿ ವಾಪಸ್ಸು ಒಯ್ಯಲು ಬಂದಿದ್ದರು. ಇಡೀ ಅಲಬಾಮಾದಲ್ಲಿ ಫುಟ್‌ಬಾಲ್ ನೋಡದ ಹೆಂಗಸು ಅವರೊಬ್ಬರೇ ಇರಬೇಕು. ಮದುವೆಯ ದಿನ ಅವರ ಗಂಡ ಪಂದ್ಯ ಮುಗಿಸಿಕೊಂಡೇ ಚರ್ಚಿಗೆ ಬಂದನಂತೆ. ಅಂದಿನಿಂದ ಆ ಮನೆಯಲ್ಲಿ ಚೆಂಡಿನ ಸುದ್ದಿಯಿಲ್ಲ.

"ಬ್ರದರ್ ಟಾರ್ಪ್ಲಿ, ನೀವು ಹೇಳಿದ್ದು ಅರ್ಲೀನಳ ಮಗನ ವಿಷಯಾನಾ?" ಅಂದರು.

"ಅವನದೇ ಸಿಸ್ಟರ್."

"ಖಂಡಿತವಾ?"

"ನೂರಕ್ಕೆ ನೂರು. ದೊಡ್ಡ ದೊಡ್ಡ ಡಾಕ್ಟರುಗಳು ನೋಡಿದಾರೆ. ಮೊಣಕಾಲು, ಎದೆ, ಕಣ್ಣು, ಯಾವುದೂ ಬಿಟ್ಟಿಲ್ಲ."

"ಅಯ್ಯೋ, ಇಪ್ಪತ್ತೆರಡೇ ವರ್ಷ ಅಲ್ವಾ ಅವನಿಗೆ!"

"ಹೋಗೋಕೆ ಅದೇ ಸರಿಯಾದ ವಯಸ್ಸು ಸಿಸ್ಟರ್. ಇಪ್ಪತ್ತೈದು ದಾಟಿದ್ರೆ ಯಾರೂ ಮೂಸಿ ನೋಡಲ್ಲ."

ಸಿಸ್ಟರ್ ಒಡೆಸ್ಸಾ ಕುರ್ಚಿ ಹುಡುಕಿಕೊಂಡು ಕೂತರು. "ಅರ್ಲೀನಳಿಗೆ ಗೊತ್ತಾ?"

"ಗೊತ್ತಿಲ್ದೆ ಏನು! ನೀಲಿ ಸೂಟು ಹೊಲಿಸಿ ತಂದಿಟ್ಟಿದಾಳೆ. ಹೋಗೋವಾಗ ಚೆನ್ನಾಗಿ ಕಾಣ್ಬೇಕಲ್ವಾ?"

ಅವರು ಕಣ್ಣೊರೆಸಿಕೊಂಡು, ಪಿಸುದನಿಯಲ್ಲಿ ಕೇಳಿದರು: "ಪಾಪ, ಎಲ್ಲಿಗೆ ಹೋಗ್ತಾನೋ?"

ಇದು ನನ್ನ ಶಾಖೆಯ ಪ್ರಶ್ನೆ. ಫುಟ್‌ಬಾಲ್ ದ್ವೇಷಿಯೊಬ್ಬರು ಬಂದು ಕೇಳುತ್ತಿದ್ದಾರೆಂದರೆ ನನ್ನ ಕೀರ್ತಿ ಎಲ್ಲಿಗೆ ಮುಟ್ಟಿರಬೇಕು! ಹುಬ್ಬು ಗಂಟಿಕ್ಕಿ ಹೇಳಿದೆ: "ಅದನ್ನ ಹೇಳೋದೇ ಕಷ್ಟ ಸಿಸ್ಟರ್. ಮೇಲೆ ಹೋಗ್ತಾನೆ ಅಂತ ನನ್ನ ನಂಬಿಕೆ. ಆದ್ರೆ ಡಿಸೆಂಬರಿನಲ್ಲಿ ಒಂದು ದೊಡ್ಡ ತಪ್ಪು ಮಾಡಿಬಿಟ್ಟ ನೋಡಿ, ಅದನ್ನ ಅವರು ಮರೆಯಲ್ಲ. ಕೆಳಗೆ ಬಿದ್ರೂ ಬೀಳಬಹುದು. ಬಿದ್ದರೆ ಭಾರೀ ಸೆಕೆಯ ಜಾಗಕ್ಕೇ ಬೀಳ್ತಾನೆ."

"ಏನಂದ್ರಿ? ನನ್ನ ಕಣ್ಣೆದುರಿಗೇ ನೀರಲ್ಲಿ ಮುಳುಗಿ ದೀಕ್ಷೆ ತಗೊಂಡ ಹುಡುಗ ಅವನು! ಕೆಳಗೆ ಹೇಗೆ ಬೀಳ್ತಾನೆ?"

"ಅವರು ಅದನ್ನೆಲ್ಲ ನೋಡಲ್ಲ ಸಿಸ್ಟರ್. ಓಟದ ವೇಗ ನೋಡ್ತಾರೆ, ಅಷ್ಟೇ. ಇರಲಿ, ನೀವು ಯಾರಿಗೂ ಹೇಳೋಕೆ ಹೋಗ್ಬೇಡಿ. ಮನೆಯವರೇ ಹೇಳ್ಕೊಳ್ಳಲಿ."

ಹೂದಾನಿ ಅಲ್ಲೇ ಬಿಟ್ಟು ಅವರು ಹೊರಟುಹೋದರು. ನಾನು ಹೇಳಬೇಡಿ ಎಂದದ್ದು ಯಾರಿಗೆ? ನಮ್ಮ ಚರ್ಚಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿಗೆ. ಊರಲ್ಲಿ ಯಾರಿಗಾದರೂ ಕಷ್ಟ ಬಂದರೆ ಸಿಸ್ಟರ್ ಒಡೆಸ್ಸಾ ಇಬ್ಬರಿಗೆ ಫೋನು ಮಾಡುತ್ತಾರೆ, ಆ ಇಬ್ಬರು ನಾಲ್ವರಿಗೆ, ನಾಲ್ವರು ಎಂಟು ಜನಕ್ಕೆ. ಮಧ್ಯಾಹ್ನದ ಊಟದ ಹೊತ್ತಿಗೆ ದೇವರಿಗೆ ತಿಳಿಯುವ ಮೊದಲೇ ಊರಿಗೆ ತಿಳಿದಿರುತ್ತದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ನನ್ನ ಬಾಯಿ ಎರಡನ್ನೂ ಒಟ್ಟಿಗೆ ಮಾಡಿತು.

ಬುಧವಾರ ಅರ್ಲೀನಳ ಮನೆಗೆ ಊಟದ ಪಾತ್ರೆಗಳ ಮೆರವಣಿಗೆ ಶುರುವಾಯಿತು. ಹುರಿದ ಕೋಳಿ, ಚೀಸು ಸುರಿದು ಬೇಯಿಸಿದ ಮ್ಯಾಕರೋನಿ, ಸಿಹಿಗೆಣಸಿನ ಪೈ, ಬಟಾಣಿ, ಕೇಕು. ತಂದವರೆಲ್ಲ ಅರ್ಲೀನಳನ್ನು ತಬ್ಬಿಕೊಂಡು ಅತ್ತರು. ಮಗನ ಮೇಲೆ ಊರಿಗೆ ಇಷ್ಟೊಂದು ಅಭಿಮಾನವೇ ಅಂತ ಅವಳೂ ಅತ್ತಳು. ಕೆಂಡ್ರೆಲ್ ರಸ್ತೆಯಲ್ಲಿ ಓಡುತ್ತಿದ್ದರೆ ಗಂಡಸರು ಟೋಪಿ ತೆಗೆದು ಎದೆಗಿಟ್ಟುಕೊಂಡರು. ಅವನು ಪಾಪ, ಎಲ್ಲರಿಗೂ ಕೈ ಬೀಸಿದ.

ಯಾರೂ ಅವನನ್ನೇ ಕೇಳಲಿಲ್ಲವೇ ಅಂತ ನೀವು ಕೇಳಬಹುದು. ಸಾಯುವವನನ್ನು ನಿಲ್ಲಿಸಿ ‘ನೀನು ನಾಳೆ ಸಾಯ್ತೀಯಂತೆ, ಹೌದೇನಪ್ಪ’ ಅಂತ ಕೇಳುವ ಕೆಟ್ಟ ಬುದ್ಧಿ ನಮ್ಮೂರಿಗಿಲ್ಲ. ಡ್ರಾಫ್ಟೂ ಗುರುವಾರ, ಇದೂ ಗುರುವಾರ. ಟೀವಿಯಲ್ಲಿ ತನ್ನ ಹೆಸರು ಕೇಳಿಸಿಕೊಂಡು ಕಣ್ಣು ಮುಚ್ಚಲಿ ಅಂತ ಮನೆಯವರು ಗುಟ್ಟು ಮಾಡಿದ್ದಾರೆ ಎಂದು ಊರು ತೀರ್ಮಾನಿಸಿತ್ತು.

ಪಾದ್ರಿ ಥಿಗ್ಪೆನ್ ಅವರು ಸಂತೈಸಲು ಹೋದಾಗ ನಾನೂ ಅಲ್ಲಿದ್ದೆ, ಪೈ ತಿನ್ನುತ್ತಿದ್ದೆ.

"ಸಿಸ್ಟರ್ ಅರ್ಲೀನ್, ನಾಳೆಗೆ ಮನಸ್ಸು ಗಟ್ಟಿ ಮಾಡ್ಕೊಂಡಿದೀರಾ?" ಅಂದರು.

"ಗಟ್ಟಿ ಏನು ಬಂತು ಪಾಸ್ಟರ್, ಯಾವಾಗ ನಾಳೆ ಆಗುತ್ತೋ ಅಂತ ಕಾಯ್ತಿದೀನಿ! ಅವನು ಹುಟ್ಟಿದಾಗಿಂದ ಇದೊಂದೇ ಬೇಡ್ಕೊಂಡಿದೀನಿ. ಹೋಗ್ಲಿ, ಬೇಗ ಹೋಗ್ಲಿ. ಶುಕ್ರವಾರದ ತನಕ ಎಳೆದಾಡೋದು ಬೇಡ."

ಪಾದ್ರಿಗಳು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಬೈಬಲಿನಲ್ಲೂ ಇಂಥ ನಂಬಿಕೆಯ ಹೆಂಗಸು ಸಿಕ್ಕಿರಲಿಕ್ಕಿಲ್ಲ.

ಸಂಜೆ ನನ್ನ ಹೆಂಡತಿ ವರ್ನೆಲ್ ಅರ್ಲೀನಳ ಅಡುಗೆಮನೆಗೆ ಹೋಗಿ ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಲೂಶಸ್, ಅವರ ಮನೇಲಿ ಯಾರು ಸತ್ತಿದಾರೆ?"

"ಯಾರೂ ಇಲ್ವಲ್ಲೇ."

"ಮತ್ತೆ ಪಾತ್ರೆಗಳ ತಳಕ್ಕೆಲ್ಲ ಹೆಸರು ಬರೆದ ಟೇಪು ಯಾಕೆ ಅಂಟಿಸಿದಾರೆ? ಸಾವಿನ ಮನೆಗೆ ತಾನೇ ಹಾಗೆ ತರೋದು, ಪಾತ್ರೆ ವಾಪಸ್ಸು ಬರ್ಲಿ ಅಂತ? ಖುಷಿಗೆ ತಂದ್ರೆ ಯಾರು ಟೇಪು ಹಚ್ತಾರೆ?"

"ನಿನಗೆ ಡ್ರಾಫ್ಟಿನ ಗಾಂಭೀರ್ಯ ಅರ್ಥ ಆಗಲ್ಲ ಬಿಡು" ಅಂದೆ. ಅವಳು ಒಂದು ಟೇಪಿನಿಂದ ಸತ್ಯವನ್ನು ಮುಟ್ಟಿದ್ದಳು. ನಾನು ಅದನ್ನು ಒಂದೇ ಮಾತಿನಲ್ಲಿ ಓಡಿಸಿದೆ. ಪಾಂಡಿತ್ಯ ಅಂದರೆ ಇದೇ.

ಗುರುವಾರ ಬೆಳಿಗ್ಗೆ ಯಜಮಾನರಾದ ಗ್ಯಾಡಿಸ್ ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿದರು. ಇಷ್ಟು ವರ್ಷದ ನೌಕರಿಯಲ್ಲಿ ಅದು ಮೊದಲ ಸಲ. "ಲೂಶಸ್, ಈ ಕೆಲಸ ನಮ್ಮ ಕೈಗೇ ಬರೋ ಹಾಗೆ ಮಾಡಿದೀಯ. ಗಾಡಿ ಚೆನ್ನಾಗಿ ಪಾಲಿಶ್ ಮಾಡು. ಟೀವಿಯವರು ಬಂದರೂ ಬರಬಹುದು" ಅಂದರು. ಹುಡುಗನ ಮೆರವಣಿಗೆಗೆ ಉದ್ದನೆಯ ಗಾಡಿ ಕೊಡುತ್ತಿದ್ದಾರೆ, ಎಂಥ ದೊಡ್ಡ ಮನಸ್ಸು ಅಂದುಕೊಂಡು ಹೊಳೆಯುವ ಹಾಗೆ ಉಜ್ಜಿದೆ.

ಮಧ್ಯಾಹ್ನ ಫೋನು ಬಂತು. ಉತ್ತರದ ಹಿಮದ ಸೀಮೆಯ ಒಂದು ದೊಡ್ಡ ತಂಡದವನಂತೆ, ಹೆಸರು ಕೊಸ್ಟೆಲ್ನಿಕ್. ನಮ್ಮ ಶಾಲೆಯ ಕೋಚು ಬೆಳಿಗ್ಗೆ ಊರ ರೇಡಿಯೋದಲ್ಲಿ ‘ಕೆಂಡ್ರೆಲ್‌ಗಾಗಿ ಪ್ರಾರ್ಥಿಸಿ’ ಅಂತ ಗೊಳೋ ಎಂದು ಅತ್ತದ್ದು ಅವನ ಕಿವಿಗೆ ಬಿದ್ದಿತ್ತು.

"ಮೇಬ್ರಿ ವಿಷಯ ಖಚಿತವಾಗಿ ಗೊತ್ತಿರೋದು ನಿಮಗೇ ಅಂತ ಊರಲ್ಲಿ ಎಲ್ಲರೂ ಹೇಳ್ತಿದಾರೆ" ಅಂದ.

ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ದೊಡ್ಡ ತಂಡ! ನನ್ನನ್ನು! "ಕೇಳಿ ಸರ್, ಕೇಳಿ."

"ನಾವು ಕೇಳಿದ್ದು ನಿಜವಾ?"

"ನಿಜ. ಇವತ್ತೇ ಹೋಗ್ತಾನೆ."

"ಇವತ್ತೇ! ಅಷ್ಟು ಖಂಡಿತವಾಗಿ ಹೇಗೆ ಹೇಳ್ತೀರಿ?"

"ನನ್ನ ಕಸುಬೇ ಇದು ಸರ್. ಊರೆಲ್ಲ ಸಿದ್ಧವಾಗಿದೆ. ಹುಡುಗನ ಸೂಟು ರೆಡಿ, ನಮ್ಮ ಗಾಡಿ ರೆಡಿ. ಅವರಮ್ಮನೂ ಬೇಗ ಹೋಗ್ಲಿ ಅಂತಿದಾರೆ."

"ದೇವರು ಕಾಪಾಡಲಿ" ಅಂತ ಹೇಳಿ ಫೋನು ಇಟ್ಟ. ಎಷ್ಟು ದೈವಭಕ್ತ ಜನ ಅಂದುಕೊಂಡೆ.

ಸಂಜೆ ಚರ್ಚಿನ ಊಟದ ಹಾಲಿನಲ್ಲಿ ದೊಡ್ಡ ಟೀವಿ ಇಟ್ಟಿದ್ದರು. ಜನ ಕಿಕ್ಕಿರಿದಿತ್ತು, ಎಲ್ಲರೂ ಕರಿಬಟ್ಟೆಯಲ್ಲಿ. ನೀಲಿ ಸೂಟಿನ ಕೆಂಡ್ರೆಲ್ ನಡುವೆ ಕೂತಿದ್ದ, ಪಕ್ಕದಲ್ಲಿ ಅರ್ಲೀನ್. ಟೀವಿಯವನು ಬ್ರ್ಯಾನಿಗನ್ ಹೋದ ಅಂದ. ಮುಂದಿನ ಸಾಲಿನಲ್ಲಿ ಸಿಸ್ಟರ್ ಒಡೆಸ್ಸಾ "ಅಯ್ಯೋ, ಅವನೂ ಹೋದನಾ!" ಅಂತ ನರಳಿದರು. ಟೆಕ್ಸಸ್ ಹುಡುಗ ಹೋದ. ಜಾರ್ಜಿಯಾದ ಸೇಫ್ಟಿ ಹೋದ. ನಾನು ಹೆಸರೂ ಎತ್ತದ ಒಬ್ಬ ಕಾರ್ನರ್‌ಬ್ಯಾಕ್ ಕೂಡ ಹೋದ. ನಮ್ಮವನ ಹೆಸರು ಮಾತ್ರ ಬರಲಿಲ್ಲ. ‘ಮೇಬ್ರಿಯ ಆರೋಗ್ಯದ ಬಗ್ಗೆ ಏನೇನೋ ಸುದ್ದಿಗಳಿವೆ’ ಅಂತ ಟೀವಿಯವನು ಮೆತ್ತಗೆ ಹೇಳಿ ಮುಂದಕ್ಕೆ ಹೋದ. ಕೆಂಡ್ರೆಲ್ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ. ಅರ್ಲೀನ್ ಕೈಯಲ್ಲಿದ್ದ ಕಾಗದದ ತಟ್ಟೆ ಮಡಚಿ ಮಡಚಿ ಚೂರಾಗಿತ್ತು.

ಸುತ್ತು ಮುಗಿಯಿತು. ಇವತ್ತಿಗೆ ಇಷ್ಟೇ ಅಂದರು. ಅರ್ಲೀನ್ ಮುಖ ಮುಚ್ಚಿಕೊಂಡಳು.

ಆಗ ಸಿಸ್ಟರ್ ಒಡೆಸ್ಸಾ ಕುರ್ಚಿ ಬೀಳುವ ಹಾಗೆ ಎದ್ದರು. "ಗುರುವಾರ ದಾಟಿತು! ಹುಡುಗ ಹೋಗಲಿಲ್ಲ! ಹಲ್ಲೆಲೂಯಾ!"

ಹಾಲಿಗೆ ಹಾಲೇ ಎದ್ದು ನಿಂತಿತು. ಯಾರೋ ಆರ್ಗನ್ ಬಾರಿಸಿದರು. ಪಾದ್ರಿಗಳು ಕೋಟು ಕಿತ್ತೆಸೆದು ಕುಣಿದರು. ರಾಸ್ಕೋ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ. ಗ್ಯಾಡಿಸ್ ಸಾಹೇಬರೊಬ್ಬರೇ ಸಪ್ಪಗೆ ಕೂತಿದ್ದರು.

"ನಿಲ್ಲಿಸಿ!" ಅರ್ಲೀನ್ ಕೂಗಿದ್ದು ಕೇಳಿ ಆರ್ಗನ್ ಅರ್ಧಕ್ಕೇ ನಿಂತಿತು. "ನನ್ನ ಮಗ ಹೋಗಲಿಲ್ಲ ಅಂತ ಕುಣೀತೀರಾ? ನಾಚಿಕೆ ಆಗಲ್ವಾ ನಿಮಗೆ?"

"ಅಲ್ಲಮ್ಮ, ಸಾವು ಬಾಗಿಲಿಗೆ ಬಂದು ವಾಪಸ್ಸು ಹೋಯ್ತಲ್ಲ!" ಅಂದರು ಸಿಸ್ಟರ್ ಒಡೆಸ್ಸಾ.

"ಯಾರ ಸಾವು?"

"ನಿನ್ನ ಮಗಂದು! ಗುರುವಾರ ಖಂಡಿತ ಹೋಗ್ತಾನೆ, ಡಾಕ್ಟರುಗಳೆಲ್ಲ ನೋಡಿದಾರೆ, ಸೂಟೂ ತಂದಿದಾರೆ ಅಂತ ಫ್ಯೂನರಲ್ ಹೋಮಿನಲ್ಲೇ ಕೂತು ಹೇಳಿದ್ರಲ್ಲ, ಈ ಬ್ರದರ್ ಟಾರ್ಪ್ಲಿ!"

ಇಡೀ ಊರು ನನ್ನ ಕಡೆ ತಿರುಗಿತು. ರಾಸ್ಕೋ ಇನ್ನೂ ನನ್ನನ್ನು ಎತ್ತಿಕೊಂಡೇ ಇದ್ದ, ಹಾಗಾಗಿ ಎಲ್ಲರಿಗೂ ಚೆನ್ನಾಗಿ ಕಾಣುತ್ತಿದ್ದೆ. ಮಧ್ಯಾಹ್ನದ ಆ ಫೋನು ಆಗ ನನಗೆ ನೆನಪಾಯಿತು. ಅಳುತ್ತಾ ಎಲ್ಲವನ್ನೂ ಹೇಳಿದೆ. ಅರ್ಲೀನ್ ನನಗೆ ಒಂದು ಮಾತೂ ಬೈಯಲಿಲ್ಲ. ಮಗನ ಕೈ ಹಿಡಿದುಕೊಂಡು ನನ್ನ ಮುಂದೆಯೇ ಹಾದು ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶುಕ್ರವಾರ ಸಂಜೆ ಎರಡನೆಯ ಸುತ್ತಿಗೆ ಊರೆಲ್ಲ ಮತ್ತೆ ಹಾಲಿಗೆ ಹೋಯಿತು. ನನಗೆ ಪ್ರವೇಶವಿರಲಿಲ್ಲ. ವರ್ನೆಲ್ ಕೂಡ "ನೀನು ಸತ್ತವರ ಜೊತೆ ಇರು, ಅವರಿಗಾದ್ರೆ ನಿನ್ನಿಂದ ಅಪಾಯ ಇಲ್ಲ" ಅಂತ ಹೇಳಿ ಹೋದಳು. ಆಫೀಸಿನ ಮೊಬೈಲ್ ಮುಂದಿಟ್ಟುಕೊಂಡು ಒಬ್ಬನೇ ಕೂತಿದ್ದೆ. ಅದು ಹೊಡೆದುಕೊಂಡಿತು.

"ಕೊಸ್ಟೆಲ್ನಿಕ್ ಮಾತಾಡ್ತಿರೋದು" ಅಂದ, ಏದುಸಿರು ಬಿಡುತ್ತ. "ನಮ್ಮ ಸರದಿ ಬಂದಿದೆ, ಗಡಿಯಾರ ಓಡ್ತಿದೆ. ಹುಡುಗ ಚೆನ್ನಾಗಿದಾನೆ, ಎಲ್ಲಾ ಸುಳ್ಳುಸುದ್ದಿ ಅಂತ ಅವನ ಏಜೆಂಟು ಹೇಳ್ತಾನೆ. ಆದ್ರೆ ಹುಡುಗನ ಫೋನು ಸಿಗ್ತಾನೇ ಇಲ್ಲ, ಎಷ್ಟು ಸಲ ಮಾಡಿದ್ರೂ ಬಿಜಿ. ಅವನ ಬಾಯಿಂದ ಕೇಳದೆ ನಮ್ಮ ಸಾಹೇಬರು ಹೆಸರು ಬರೆಯಲ್ಲ. ನನ್ನ ಹತ್ರ ಇರೋ ಇನ್ನೊಂದು ನಂಬರು ನಿಮ್ಮದೇ."

ಫೋನು ಹೇಗೆ ಸಿಗುತ್ತದೆ? ಪ್ರಾರ್ಥನಾ ಸರಪಳಿ ಈಗ ಉಲ್ಟಾ ಓಡುತ್ತಿತ್ತು. ‘ನೀನು ಸಾಯ್ತೀಯ ಅಂತ ನಂಬಿದ್ದಕ್ಕೆ ಕ್ಷಮಿಸಪ್ಪ’ ಅಂತ ಜಿಲ್ಲೆಗೆ ಜಿಲ್ಲೆಯೇ ಕೆಂಡ್ರೆಲ್‌ಗೆ ಫೋನು ಮಾಡುತ್ತಿತ್ತು.

"ಇಡಬೇಡಿ ಸರ್! ನಿಮ್ಮ ಕಾಲಿಗೆ ಬೀಳ್ತೀನಿ, ಫೋನು ಇಡಬೇಡಿ!" ಅಂದವನೇ ಹೆಣದ ಗಾಡಿ ಹತ್ತಿದೆ.

ಶುಕ್ರವಾರ ಸಂಜೆಯ ಪೇಟೆಬೀದಿ ಅಂದರೆ ಹೆಜ್ಜೆ ಇಡಲು ಜಾಗವಿಲ್ಲ. ಆದರೆ ಹೆಣದ ಗಾಡಿ ಕಂಡರೆ ಎಂಥವನೂ ಪಕ್ಕಕ್ಕೆ ಸರಿದು ನಿಲ್ಲುವುದು ನಮ್ಮ ಕಡೆಯ ಮರ್ಯಾದೆ. ಲಾರಿಗಳು ನಿಂತವು, ಪೊಲೀಸು ಗಾಡಿ ನಿಂತಿತು. ಆ ವೇಗದಲ್ಲಿ ಯಾವ ಹೆಣವೂ ಎಲ್ಲಿಗೂ ಹೋದದ್ದಿಲ್ಲ. ಗೌರವದಿಂದ ತಲೆ ಬಗ್ಗಿಸಿದವರು ತಲೆ ಎತ್ತುವಷ್ಟರಲ್ಲಿ ನಾನು ಮಾಯ.

ಹಾಲಿನ ಮುಂದೆ ಗಾಡಿ ಕಿರ್ರ್ ಎಂದು ನಿಂತಾಗ ಒಳಗೆ ಹೆಂಗಸರು ಚೀರಿಕೊಂಡರು. ಬಾಗಿಲು ತಳ್ಳಿ ನುಗ್ಗಿದೆ. "ಕೆಂಡ್ರೆಲ್ ಎಲ್ಲಿ?" ಅಂದೆ. "ಅವನನ್ನ ಮುಟ್ಟಿದ್ರೆ ನೋಡು!" ಅಂತ ಸಿಸ್ಟರ್ ಒಡೆಸ್ಸಾ ಕೊಡೆ ಎತ್ತಿ ಅಡ್ಡ ಬಂದರು.

"ನಿಮ್ಮ ಕಣ್ಣಾರೆ ನೋಡ್ತಿದೀರಾ ಅವನನ್ನ?" ಅಂತ ಫೋನಿನಲ್ಲಿ ಕೊಸ್ಟೆಲ್ನಿಕ್ ಕಿರುಚುತ್ತಿದ್ದ. "ನಿಮ್ಮ ಮಾತನ್ನ ಹೇಗೆ ನಂಬೋದು? ನಿನ್ನೆ ಹೋಗ್ತಾನೆ ಅಂದಿದ್ರಿ!"

"ಸರ್, ಡ್ರಾಫ್ಟಿನ ವಿಷಯದಲ್ಲಿ ನನ್ನ ಮಾತು ನಾಯಿಯೂ ನಂಬಬಾರದು" ಅಂತ ನಾನೂ ಕಿರುಚಿದೆ. "ನಾನೊಬ್ಬ ಶುದ್ಧ ಮುಠ್ಠಾಳ. ಆದ್ರೆ ಅರ್ಧ ಆಯಸ್ಸು ಹೆಣಗಳ ಜೊತೆ ಕಳೆದಿದೀನಿ. ಹೆಣ ಹೇಗಿರುತ್ತೆ ಅಂತ ನನಗೆ ಗೊತ್ತು. ಇವನು ಎರಡೂ ಕೈಯಲ್ಲಿ ಹಂದಿ ಪಕ್ಕೆಲುಬು ಹಿಡ್ಕೊಂಡು ತಿಂತಿದಾನೆ ಸರ್, ಹೆಣ ಹಾಗೆ ತಿನ್ನಲ್ಲ!"

ಕೊಡೆಯ ಕೆಳಗೆ ನುಸುಳಿ ಫೋನನ್ನು ಕೆಂಡ್ರೆಲ್‌ನ ಕಿವಿಗೆ ಒತ್ತಿದೆ. ಅವನು ಬಾಯಲ್ಲಿದ್ದದ್ದನ್ನು ನುಂಗಿ, "ಹೌದು ಸರ್. ಉಸಿರಾಡ್ತಿದೀನಿ ಸರ್. ಮೊಣಕಾಲೂ ಚೆನ್ನಾಗಿದೆ ಸರ್" ಅಂದ. ಆಮೇಲೆ ಅಳತೊಡಗಿದ. ಟೀವಿಯಲ್ಲಿ ಗಂಟಲು ಸರಿಮಾಡಿಕೊಂಡ ಒಬ್ಬರು ಕೆಂ-ಡ್ರೆಲ್ ಮೇ-ಬ್ರಿ ಅಂತ ಬಿಡಿಸಿ ಓದಿದರು. ಆ ಕೂಗಿಗೆ ಹಾಲಿನ ಕಿಟಕಿ ಗಾಜುಗಳು ಗಲಗಲ ಅಂದವು.

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅರ್ಲೀನ್ ಬಂದು ಪಕ್ಕದಲ್ಲಿ ಕೂತಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ನನ್ನ ಮಗನ ಮೊದಲನೇ ಸುತ್ತು ನುಂಗಿಹಾಕಿದೆ ಕಣೋ ನೀನು."

"ಹೌದು ಅರ್ಲೀನ್."

"ಕತ್ತೆ."

"ಹೌದು."

ಅವಳು ಮೂಗು ಒರೆಸಿಕೊಂಡಳು. "ನಿನ್ನೆ ರಾತ್ರಿಯೆಲ್ಲ ನಿದ್ದೆ ಇಲ್ಲ ಲೂಶಸ್. ಇವನ ಹೆಸರು ಕರೀಲಿಲ್ಲ ಅಂತ ಹೆತ್ತೋಳು ನಾನು ಅಳ್ತಾ ಕೂತಿದ್ದೆ. ಇವನು ಬದುಕಿದ ಅಂತ ಊರಿನೋರು ಕುಣೀತಿದ್ರು. ಅವರು ಬೇಡ್ಕೊಂಡಿದ್ದು ದೊಡ್ಡದಾ, ನಾನು ಬೇಡ್ಕೊಂಡಿದ್ದು ದೊಡ್ಡದಾ? ಯೋಚನೆ ಮಾಡಿದಷ್ಟೂ ನನಗೇ ನಾಚಿಕೆ ಆಯ್ತು ನೋಡು."

ಅವಳು ನನ್ನ ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಯಾರೋ ಜಾಗ ಕೊಟ್ಟರು, ಯಾರೋ ಕೈಗೆ ಕೇಕಿನ ತುಂಡು ಇಟ್ಟರು. ಆಗ ಕೆಂಡ್ರೆಲ್ ಬಂದು ಎದುರಿಗೆ ನಿಂತು ನಕ್ಕ. ಮಕ್ಕಳ ಮನಸ್ಸೇ ದೊಡ್ಡದು. "ಅಂಕಲ್ ಲೂಶಸ್, ನಿಜ ಹೇಳಿ. ನಾನು ಅಲ್ಲಿ ಎಷ್ಟು ವರ್ಷ ಉಳೀತೀನಿ?"

ಪಾಂಡಿತ್ಯ ಗಂಟಲ ತನಕ ಬಂತು. ಹಾಲಿನಲ್ಲಿ ಒಂದು ಚಮಚದ ಸದ್ದೂ ಇರಲಿಲ್ಲ. ಸಿಸ್ಟರ್ ಒಡೆಸ್ಸಾ ಕನ್ನಡಕ ಏರಿಸಿಕೊಂಡು ಫೋನು ಕೈಗೆತ್ತಿಕೊಂಡರು. ನಾನು ಕೇಕಿನ ಇಡೀ ತುಂಡನ್ನು ಒಂದೇ ಸಲಕ್ಕೆ ಬಾಯಿಗೆ ತುರುಕಿಕೊಂಡೆ.